ಡಾ. ಹ್ಯೂ ಕ್ಲೆಗ್‌ಹಾರ್ನ್: ಕುಮರಿ, ಸಾಗುವಾನಿ ಮತ್ತು ನೆಡುತೋಪು

ಚೆನ್ನೈ ನಗರದ ಕೆಥೀಡ್ರಲ್ ರಸ್ತೆಯಲ್ಲಿ ಕೃಷಿ-ತೋಟಗಾರಿಕಾ ಸಂಘದ ಹಳೆಯ ತೋಟವಿದೆ. 1835ರಲ್ಲಿ ಸ್ಥಾಪಿತವಾದ ಆ ಸಂಘದ ಜಮೀನಿನ ಒಂದು ಭಾಗದಲ್ಲಿ, ಉಡುಪಿ ಸೀಮೆಯ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಸಂಸ್ಥೆಯ ಡ್ರೈವ್-ಇನ್ ಹೋಟೆಲು 1962ರಿಂದ 2008ರವರೆಗೆ ನಡೆಯುತ್ತಿತ್ತು. ಈ ನಗರದ ಕನ್ನಡಿಗರಿಗೆ ಆ ಮರಗಳ ನೆರಳು ಚಿರಪರಿಚಿತವಾದುದು. ಆದರೆ ಅಲ್ಲಿ ಕುಳಿತು ಕಾಫಿ ಕುಡಿದವರಲ್ಲಿ ಬಹುಮಂದಿಗೆ ತಿಳಿಯದಿದ್ದ ಒಂದು ಸಂಗತಿಯುಂಟು. ಆ ತೋಟದ ಸಸ್ಯಗಳ ಪಟ್ಟಿಯನ್ನು 1853ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಸಂಘದ ಕಾರ್ಯದರ್ಶಿಯು ತಮ್ಮ ಸಸ್ಯವಿದ್ಯೆಯ ಭಾರತೀಯ ಪಾಠವನ್ನು ಮೊದಲು ಕಲಿತದ್ದು ಕನ್ನಡನಾಡಿನಲ್ಲಿ, ಮಲೆನಾಡಿನ ಹೆಬ್ಬಾಗಿಲಾದ ಶಿವಮೊಗ್ಗದಲ್ಲಿ. ಅವರೇ ಡಾ. ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್.

ಭಾರತದ ಅರಣ್ಯಾಡಳಿತದ ಇತಿಹಾಸವನ್ನು ಬರೆದವರೆಲ್ಲರೂ ಕ್ಲೆಗ್‌ಹಾರ್ನರನ್ನು ನೆನೆದಿದ್ದಾರೆ. ಆದರೆ ಎಲ್ಲರೂ ಒಂದೇ ರೀತಿಯಲ್ಲಿ ನೆನೆದಿಲ್ಲ. ರಿಚರ್ಡ್ ಗ್ರೋವ್ ಅವರಂಥ ವಿದ್ವಾಂಸರಿಗೆ ಅವರು, ಲಾಭದ ಲೆಕ್ಕವನ್ನು ಮೀರಿ ಕಾಡಿನ ನಾಶವನ್ನು ಕಂಡು ಆತಂಕಪಟ್ಟ ವೈದ್ಯ-ವಿಜ್ಞಾನಿಗಳ ಪರಂಪರೆಗೆ ಸೇರಿದವರು. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಅವರ ಕಣ್ಣಿಗೆ ಆ ಕಾಲದ ಅರಣ್ಯ ಇಲಾಖೆಯೆಂಬುದು ರೈಲಿಗೂ ಹಡಗಿಗೂ ಮರ ಒದಗಿಸಲೆಂದು ಹುಟ್ಟಿ, ಕಾಡಿನ ಜನರ ಕೈಯಿಂದ ಕಾಡನ್ನು ಕಿತ್ತುಕೊಂಡ ಯಂತ್ರ. ಈ ಎರಡು ಚಿತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಸುಲಭ. ಕ್ಲೆಗ್‌ಹಾರ್ನರ ಜೀವನವನ್ನು ಶಿವಮೊಗ್ಗದಿಂದ ಮೊದಲುಮಾಡಿ ನೋಡಿದರೆ ಮಾತ್ರ ಎರಡೂ ಒಬ್ಬನೇ ವ್ಯಕ್ತಿಯಲ್ಲಿ ಹೇಗೆ ಕೂಡಿದ್ದವೆಂಬುದು ಕಾಣುತ್ತದೆ.

ಅವರು ಹುಟ್ಟಿದ್ದು ಮದರಾಸಿನಲ್ಲಿಯೇ, 1820ರ ಆಗಸ್ಟ್ 9ರಂದು. ತಂದೆ ಇಲ್ಲಿಯ ಸುಪ್ರೀಂ ಕೋರ್ಟಿನ ಅಧಿಕಾರಿ. ನಾಲ್ಕನೆಯ ವಯಸ್ಸಿನಲ್ಲಿ ಬಾಲಕನನ್ನು ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಸ್ಟ್ರಾವಿಥಿ ಎಂಬ ಮನೆತನದ ಜಮೀನಿಗೆ, ಅಜ್ಜನ ಬಳಿಗೆ ಕಳುಹಿಸಲಾಯಿತು. ಅದೇ ಹೆಸರಿನ ಆ ಅಜ್ಜ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದು, ಮುಂದೆ ಸಿಂಹಳವನ್ನು ಡಚ್ಚರಿಂದ ಬ್ರಿಟಿಷರ ಕೈಗೆ ದಾಟಿಸಿದ ಗುಪ್ತ ಸಂಧಾನದಲ್ಲಿ ಪಾತ್ರವಹಿಸಿದವರು. ಅವರ ಕಥೆಯೇ ಒಂದು ಕಾದಂಬರಿಗೆ ಸಾಕು. ಇಲ್ಲಿ ಅದು ಅಪ್ರಸ್ತುತ. ಮೊಮ್ಮಗ ತೋಟ, ಹೊಲ, ನೆಟ್ಟ ಮರಗಳ ನಡುವೆ ಬೆಳೆದನೆಂಬುದಷ್ಟೇ ನಮಗೆ ಬೇಕಾದುದು. ಸ್ಕಾಟ್ಲೆಂಡಿನ ಜಮೀನ್ದಾರರಲ್ಲಿ ಬೋಳುಗುಡ್ಡಗಳ ಮೇಲೆ ಮರ ನೆಡುವುದು ಆಗ ಪ್ರತಿಷ್ಠೆಯ ಕೆಲಸವೂ ಆಗಿತ್ತು, ಮೊಮ್ಮಕ್ಕಳ ಕಾಲಕ್ಕೆ ಕೂಡಿಡುವ ಹಣವೂ ಆಗಿತ್ತು.

ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1841ರಲ್ಲಿ ಪದವಿ ಪಡೆದ ಕ್ಲೆಗ್‌ಹಾರ್ನ್ ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ಮದರಾಸಿಗೆ ಬಂದರು. ಅಂದಿನ ವೈದ್ಯರಿಗೆ ಸಸ್ಯಶಾಸ್ತ್ರ ಹವ್ಯಾಸವಲ್ಲ, ವೃತ್ತಿಯ ಭಾಗ. ಔಷಧಗಳೆಲ್ಲ ಗಿಡಮೂಲಿಕೆಗಳಿಂದಲೇ ಬರುತ್ತಿದ್ದವು. ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ಕೆಲಕಾಲ ಕೆಲಸ ಮಾಡಿದ ಮೇಲೆ ಅವರನ್ನು ಮೈಸೂರು ಸಂಸ್ಥಾನಕ್ಕೆ ನಿಯೋಜಿಸಲಾಯಿತು. 1831ರಿಂದ ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. 1834ರಿಂದ ಆ ಸ್ಥಾನದಲ್ಲಿದ್ದವರು ಮಾರ್ಕ್ ಕಬ್ಬನ್. ಕ್ಲೆಗ್‌ಹಾರ್ನರ ಪಾಲಿಗೆ ಬಂದದ್ದು ನಗರ ವಿಭಾಗ, ಅದರ ಕೇಂದ್ರ ಶಿವಮೊಗ್ಗ.

ಕ್ಯೂ ಉದ್ಯಾನದ ಸರ್ ವಿಲಿಯಂ ಹೂಕರ್ ಅವರಿಗೆ ಒಂದು ಸಲಹೆ ಕೊಟ್ಟಿದ್ದರು: ದಿನಕ್ಕೊಂದು ಗಿಡವನ್ನು ಕಾಲು ಗಂಟೆ ಕಾಲ ಕಣ್ಣಿಟ್ಟು ನೋಡಬೇಕು. ಶಿವಮೊಗ್ಗದಲ್ಲಿ ಕ್ಲೆಗ್‌ಹಾರ್ನ್ ಅದನ್ನು ವ್ರತದಂತೆ ಪಾಲಿಸಿದರು. ಮರಾಠಿ ಚಿತ್ರಕಾರನೊಬ್ಬನನ್ನು ನೇಮಿಸಿಕೊಂಡು, ಕಂಡ ಗಿಡಗಳನ್ನು ಹೂವು ಕಾಯಿಗಳ ಸಮೇತ ಬರೆಯಿಸಿದರು. 1845ರಲ್ಲಿ ಆರಂಭವಾದ ಈ ಚಿತ್ರಸಂಗ್ರಹ ಮುಂದೆ ಹದಿನೈದು ವರ್ಷ ಬೆಳೆಯಿತು. ತುಂಗೆ, ಭದ್ರೆ, ಶರಾವತಿಗಳ ಆ ಸೀಮೆಯಲ್ಲಿ ಕುದುರೆಯ ಮೇಲೆ ಆಸ್ಪತ್ರೆ, ಸೆರೆಮನೆಗಳ ತಪಾಸಣೆಗೆಂದು ತಿರುಗುವಾಗ ಅವರ ಗಮನ ಸೆಳೆದದ್ದು ಹೂವುಗಳು ಮಾತ್ರವಲ್ಲ. ಬೇಸಗೆಯ ಕೊನೆಯಲ್ಲಿ ಬೆಟ್ಟದ ಇಳಿಜಾರುಗಳಿಂದ ಏಳುತ್ತಿದ್ದ ಹೊಗೆ ಅವರನ್ನು ಕಾಡತೊಡಗಿತು. ಅದು ಕುಮರಿಯ ಹೊಗೆ.

ಕುಮರಿ ಎಂಬುದರ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಚಳಿಗಾಲದಲ್ಲಿ ಬೆಟ್ಟದ ಒಂದು ತುಂಡಿನ ಮರಗಿಡಗಳನ್ನು ಕಡಿದು ಒಣಗಲು ಬಿಟ್ಟು, ಮಳೆಗೆ ಮೊದಲು ಬೆಂಕಿಯಿಟ್ಟು, ಬೆಂಕಿಯ ಕಾವಿಗೆ ಸಡಿಲವಾದ ಬೂದಿಮಣ್ಣಿನಲ್ಲಿ ನೇಗಿಲಿಲ್ಲದೆ ರಾಗಿ ಮುಂತಾದ ಧಾನ್ಯಗಳನ್ನು ಎರಚುವ ಬೇಸಾಯವಿದು. ಎರಡನೆಯ ವರ್ಷ ಫಸಲು ಕುಗ್ಗುತ್ತದೆ. ಆಮೇಲೆ ಜಾಗವನ್ನು ಬೀಳುಬಿಟ್ಟು ಮುಂದಕ್ಕೆ ಹೋಗುತ್ತಾರೆ. ಹತ್ತು ಹದಿನೈದು ವರ್ಷಗಳ ನಂತರ ಕಾಡು ಮತ್ತೆ ಮೇಲೆದ್ದ ಮೇಲೆ ಅಲ್ಲಿಗೇ ಮರಳುತ್ತಾರೆ. ತೆಲುಗರು ಇದನ್ನು ಪೋಡು ಎನ್ನುತ್ತಾರೆ, ಮಲೆಯಾಳಿಗಳು ಪುನಂ. ಆದರೆ ದಕ್ಷಿಣದ ಇಂಗ್ಲಿಷ್ ಕಡತಗಳಿಗೆ ಹೊಕ್ಕು ನೆಲೆಯೂರಿದ್ದು ಕನ್ನಡದ ಪದವೇ. ಯೂಲ್ ಮತ್ತು ಬರ್ನೆಲ್ಲರು 1886ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ಅದಕ್ಕೆ ಪ್ರತ್ಯೇಕ ಉಲ್ಲೇಖವಿದ್ದು, ಕನ್ನಡದ ಕುಮರಿಯಿಂದ ಬಂದುದೆಂದು ಗುರುತಿಸಲಾಗಿದೆ. ಬೆಟ್ಟದ ಬಡವನ ಬೇಸಾಯದ ಪದವೊಂದು ಸರ್ಕಾರಿ ಭಾಷೆಗೆ ಸೇರಿದ್ದು ಗೌರವದಿಂದಲ್ಲ, ಅಪರಾಧದ ಹೆಸರಾಗಿ. ಹೆಚ್ಚಿನ ಪಾಲು ಕ್ಲೆಗ್‌ಹಾರ್ನರ ವರದಿಗಳ ಮೂಲಕವೇ ಅದಕ್ಕೆ ಆ ಪ್ರಸಿದ್ಧಿ ಬಂದಿತು.

ಶಿವಮೊಗ್ಗದ ಅಧಿಕಾರಿಗಳಿಗೆ ಕುಮರಿಯ ಮೇಲೆ ಕೋಪವಿದ್ದುದಕ್ಕೆ ಒಂದು ಲೌಕಿಕ ಕಾರಣವೂ ಇತ್ತು. ಟಿಪ್ಪುವಿನ ಕಾಲದಿಂದ ಶ್ರೀಗಂಧ ಸರ್ಕಾರದ ಸ್ವತ್ತು. ಕುಮರಿಯ ಬೆಂಕಿಗೆ ಗಂಧವೂ ಆಹುತಿಯಾಗುತ್ತಿತ್ತು. ಅದರ ಜೊತೆಗೆ ಸಾಗುವಾನಿ, ಬೀಟೆ, ಹೊನ್ನೆ, ಮತ್ತಿಗಳು. ಕ್ಲೆಗ್‌ಹಾರ್ನ್ ಈ ವಿಷಯವನ್ನು 1847ರಲ್ಲಿ ಕಬ್ಬನ್ನರ ಮುಂದಿಟ್ಟರು. ಸಂಸ್ಥಾನದಲ್ಲಿ ಕುಮರಿಗೆ ತಡೆ ಬಿದ್ದಿತು. ಇಪ್ಪತ್ತೇಳು ವರ್ಷದ ವೈದ್ಯನೊಬ್ಬನ ಮಾತಿನಿಂದ ಸಾವಿರಾರು ಜನರ ಬೇಸಾಯವೇ ಕಾನೂನಿನ ಹೊರಗಾಯಿತು ಎಂದರೆ ಉತ್ಪ್ರೇಕ್ಷೆಯಾದೀತು, ಏಕೆಂದರೆ ಸಂಸ್ಥಾನದ ಇತರ ಅಧಿಕಾರಿಗಳೂ ಅದೇ ದಿಕ್ಕಿನಲ್ಲಿ ಯೋಚಿಸುತ್ತಿದ್ದರು. ಆದರೂ ಆ ನಿರ್ಧಾರದಲ್ಲಿ ಅವರ ಪಾಲು ದೊಡ್ಡದು.

ಅವರು ಕಂಡ ಮಲೆನಾಡು ಮನುಷ್ಯನ ಕೈ ಸೋಕದ ಕಾಡಾಗಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಅಡಕೆತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ, ಮೆಣಸಿನ ಬಳ್ಳಿಗಳನ್ನು ಹೊತ್ತ ಕಾನು, ದೇವರ ಹೆಸರಿನಲ್ಲಿ ಕೊಡಲಿ ತಾಗದ ಬನ, ಬೀಳುಬಿಟ್ಟ ಹಕ್ಕಲು, ಹೀಗೆ ಒಂದೊಂದು ತುಂಡಿಗೂ ಒಂದೊಂದು ಬಳಕೆಯಿತ್ತು, ಹೆಸರಿತ್ತು. ಸೊರಬದ ಕಾನುಗಳನ್ನು ಕುರಿತು 1868ರಲ್ಲಿ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಅಧಿಕಾರಿಗಳು ವರದಿ ಬರೆಯುವವರೆಗೆ ಈ ಸೂಕ್ಷ್ಮ ಸರ್ಕಾರಿ ಕಡತಗಳಿಗೆ ಸರಿಯಾಗಿ ತಾಗಿದಂತಿಲ್ಲ. ಕ್ಲೆಗ್‌ಹಾರ್ನರ ಕಣ್ಣು ಗಿಡವನ್ನು ನೋಡುವುದರಲ್ಲಿ ಎಷ್ಟು ಸೂಕ್ಷ್ಮವೋ, ಗಿಡದ ಜೊತೆ ಬದುಕುವವರನ್ನು ನೋಡುವುದರಲ್ಲಿ ಅಷ್ಟು ಸೂಕ್ಷ್ಮವಾಗಿರಲಿಲ್ಲ.

ಜ್ವರದಿಂದ ಬಳಲಿ 1848ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಈ ವಿಶ್ರಾಂತಿಯ ಕಾಲವೇ ಅವರ ಹೆಸರನ್ನು ಯುರೋಪಿನಲ್ಲಿ ಪರಿಚಯಿಸಿತು. 1850ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಪರಿಷತ್ತು, ಉಷ್ಣವಲಯದ ಕಾಡುಗಳ ನಾಶದಿಂದ ಆರ್ಥಿಕವಾಗಿಯೂ ಭೌತಿಕವಾಗಿಯೂ ಆಗಬಹುದಾದ ಪರಿಣಾಮಗಳನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಕ್ಲೆಗ್‌ಹಾರ್ನರ ಜೊತೆಗೆ ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್, ಸ್ಟ್ರೇಚಿ ಇವರು ಅದರ ಸದಸ್ಯರು. 1851ರಲ್ಲಿ ಇಪ್ಸ್‌ವಿಚ್ಚಿನ ಅಧಿವೇಶನದಲ್ಲಿ ಮಂಡಿತವಾದ ವರದಿಯ ಬರವಣಿಗೆಯ ಭಾರವನ್ನು ಹೊತ್ತವರು ಕ್ಲೆಗ್‌ಹಾರ್ನ್. ಭಾರತದ ಬೇರೆ ಬೇರೆ ಪ್ರಾಂತಗಳ ಅಧಿಕಾರಿಗಳಿಂದ ಬಂದ ಮಾಹಿತಿಯನ್ನು ಅದರಲ್ಲಿ ಕಲೆಹಾಕಲಾಗಿತ್ತು. ಕಾಡು ಕಡಿದರೆ ಮಳೆಯೇ ನಿಲ್ಲುತ್ತದೆ ಎಂಬ ಅಂದಿನ ಜನಪ್ರಿಯ ವಾದವನ್ನು ವರದಿ ಸಾರಾಸಗಟಾಗಿ ಒಪ್ಪಿಕೊಳ್ಳಲಿಲ್ಲ. ಬಿದ್ದ ಮಳೆಯನ್ನು ಹಿಡಿದಿಟ್ಟು ತೊರೆ ಒರತೆಗಳನ್ನು ಕಾಯುವುದು ಕಾಡೆಂಬುದನ್ನು ಮಾತ್ರ ಒತ್ತಿಹೇಳಿತು. ಈ ಎಚ್ಚರ ಗಮನಿಸತಕ್ಕದ್ದು. ನೂರೆಪ್ಪತ್ತು ವರ್ಷಗಳ ನಂತರವೂ ಈ ವಿಷಯದಲ್ಲಿ ಅಷ್ಟು ಎಚ್ಚರದಿಂದ ಮಾತನಾಡುವವರು ವಿರಳ. ಅದೇ ಅವಧಿಯಲ್ಲಿ ಭಾರತದ ಬೇಲಿಗಿಡಗಳನ್ನು ಕುರಿತು ಅವರು ಬರೆದ ಪ್ರಬಂಧವೂ ಪ್ರಕಟವಾಯಿತು. ವಿಷಯ ಸಣ್ಣದೆಂದು ತೋರಬಹುದು. ಆದರೆ ವರ್ಷವರ್ಷವೂ ಮುಳ್ಳು ಕಡಿದು ಬೇಲಿ ಹಾಕುವ ನಾಡಿನಲ್ಲಿ, ಬೇಗ ಬೆಳೆಯುವ ಜೀವಂತ ಬೇಲಿಯಿಂದ ಎಷ್ಟು ಮರ ಉಳಿಯುತ್ತದೆಂಬ ಲೆಕ್ಕ ಅದರ ಹಿಂದಿದೆ. ಅವರ ಮುಂದಿನ ಕೆಲಸದ ಬೀಜ ಈ ಲೆಕ್ಕದಲ್ಲಿಯೇ ಇತ್ತು.

ಮದರಾಸಿಗೆ ಮರಳಿದ ಅವರು 1852ರಲ್ಲಿ ಇಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ತೋಟಗಾರಿಕಾ ಸಂಘದ ಕಾರ್ಯದರ್ಶಿತ್ವವನ್ನೂ ವಹಿಸಿಕೊಂಡರು. ಹಂಟರ್ ಸ್ಥಾಪಿಸಿದ್ದ ಕಲಾಶಾಲೆಯ ವಿದ್ಯಾರ್ಥಿಗಳೂ, ರಾಬರ್ಟ್ ವೈಟರಿಗೆ ಕೆಲಸ ಮಾಡಿದ್ದ ಗೋವಿಂದು ಎಂಬ ನುರಿತ ಚಿತ್ರಕಾರನೂ ಅವರ ಸಂಗ್ರಹಕ್ಕೆ ಚಿತ್ರ ಬರೆದರು. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಸಂದರ್ಭದಲ್ಲಿ ಕಬ್ಬನ್ನರು ಸಲಹೆ ಕೇಳಿದ್ದೂ ಇವರನ್ನೇ.

ಅದೇ ವರ್ಷ, 1856ರ ಜುಲೈ 1ರಂದು, ದಕ್ಷಿಣ ಭಾರತದ ಮೊದಲ ರೈಲು ರಾಯಪುರದಿಂದ ಆರ್ಕಾಟಿನ ಕಡೆಗೆ ಹೊರಟಿತು. ಡಿಸೆಂಬರ್ 19ರಂದು ಕ್ಲೆಗ್‌ಹಾರ್ನ್ ಮದರಾಸು ಆಧಿಪತ್ಯದ ಪ್ರಥಮ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡರು. ಈ ಎರಡು ದಿನಾಂಕಗಳು ಒಂದೇ ವರ್ಷಕ್ಕೆ ಸೇರಿದ್ದು ಆಕಸ್ಮಿಕವಲ್ಲ. ಒಂದು ಮೈಲಿ ಹಳಿಗೆ ಸುಮಾರು 1,800 ಸ್ಲೀಪರುಗಳು ಬೇಕು. ಗೆದ್ದಲು ಮತ್ತು ಮಳೆಯ ಹೊಡೆತಕ್ಕೆ ಅವು ಕೆಲವೇ ವರ್ಷಗಳಲ್ಲಿ ಹಾಳಾಗುತ್ತವೆ. ಮತ್ತೆ ಹೊಸವು ಬೇಕು. ಇದಲ್ಲದೆ ಮದರಾಸಿನ ಹತ್ತಿರ ಕಲ್ಲಿದ್ದಲಿಲ್ಲ. ಹಡಗಿನಲ್ಲಿ ತರಿಸಿದರೆ ದುಬಾರಿ. ಆದ್ದರಿಂದ ಎಂಜಿನುಗಳು ಸೌದೆಯನ್ನೇ ಉರಿಸಿದವು. ಹಳಿಯ ಕೆಳಗೂ ಕಾಡು, ಒಲೆಯ ಒಳಗೂ ಕಾಡು.

ಕ್ಲೆಗ್‌ಹಾರ್ನರಿಗೆ ಮೊದಲು ಮದರಾಸು ಪ್ರಾಂತದಲ್ಲಿ ಕಾಡಿನ ಅಧಿಕಾರಿಗಳು ಇರಲಿಲ್ಲವೆಂದಲ್ಲ. ಹಡಗುಗಳ ಸಾಗುವಾನಿಗಾಗಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ನರನ್ನು ಮಲಬಾರಿಗೆ ನೇಮಿಸಿ, ಜನರ ಕೂಗಿಗೆ ಮಣಿದು 1823ರಲ್ಲಿ ಆ ಹುದ್ದೆಯನ್ನು ಮನ್ರೋ ರದ್ದುಮಾಡಿದ್ದರು. ಆದರೆ ಕ್ಲೆಗ್‌ಹಾರ್ನರ ಮನಸ್ಸನ್ನು ಸೆಳೆದ ಪೂರ್ವೋದಾಹರಣೆ ವಾಟ್ಸನ್ನರದಲ್ಲ, ನಿಲಂಬೂರಿನದು. ಮಲಬಾರಿನ ಕಲೆಕ್ಟರ್ ಕಾನೊಲಿ 1840ರ ದಶಕದ ಆರಂಭದಲ್ಲಿ ಅಲ್ಲಿ ಸಾಗುವಾನಿ ನೆಡಿಸಲು ತೊಡಗಿದರು. ಬೀಜ ಮೊಳೆಯಿಸುವುದರಲ್ಲಿ ಮೊದಲ ಪ್ರಯತ್ನಗಳು ವಿಫಲವಾದವು. ಕೆಲಸ ಕೈಗೂಡಿದ್ದು ಚಾತು ಮೇನೋನ್ ಎಂಬ ಸ್ಥಳೀಯ ಅಧಿಕಾರಿಯ ತಾಳ್ಮೆಯಿಂದ. ಇಪ್ಪತ್ತು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಸಸಿಗಳನ್ನು ಅವರು ನೆಡಿಸಿದರು. ಕಾನೊಲಿ 1855ರಲ್ಲಿ ಕೊಲೆಯಾದರು. ತೋಪು ಉಳಿಯಿತು, ಅದರ ಹಳೆಯ ತುಂಡೊಂದು ಇಂದಿಗೂ ನಿಂತಿದೆ. ಉಷ್ಣವಲಯದ ಬೆಲೆಬಾಳುವ ಮರವನ್ನು ಹುಡುಕಿ ಕಡಿಯುವುದಷ್ಟೇ ಅಲ್ಲ, ಬಿತ್ತಿ ಬೆಳೆಯಲೂ ಸಾಧ್ಯವೆಂಬುದಕ್ಕೆ ನಿಲಂಬೂರು ಸಾಕ್ಷಿಯಾಯಿತು.

ಆದರೆ ಸಾಗುವಾನಿ ಅರುವತ್ತು ಎಂಬತ್ತು ವರ್ಷಗಳ ಮರ. ನೆಟ್ಟವನು ಕಡಿಯುವುದಿಲ್ಲ. ರೈಲಿನ ಒಲೆ ಅಷ್ಟು ಕಾಲ ಕಾಯುವುದಿಲ್ಲ, ಮನೆಯ ಒಲೆಯೂ ಕಾಯುವುದಿಲ್ಲ. ಇಲ್ಲಿಯೇ ಕ್ಲೆಗ್‌ಹಾರ್ನರ ವಿಚಾರದ ತಿರುಳಿದೆ. ಒಂದೇ ಕಾಡಿನಿಂದ ಎಲ್ಲ ಬೇಡಿಕೆಗಳನ್ನೂ ಪೂರೈಸಲು ಹೊರಟರೆ ಸೌದೆಯ ಬೇಡಿಕೆಯು ನಾಟಾದ ಕಾಡನ್ನು ತಿಂದುಹಾಕುತ್ತದೆ. ಆದ್ದರಿಂದ ಉರುವಲಿಗೆ ಬೇರೆ, ಬೇಗ ಬೆಳೆಯುವ ಮರಗಳ ತೋಪುಗಳು ಬೇಕು; ಪಟ್ಟಣಗಳ ಸುತ್ತಲೂ ರೈಲುದಾರಿಯ ಉದ್ದಕ್ಕೂ ಅವನ್ನು ಬೆಳೆಸಬೇಕು; ಹಳೆಯ ಕಾಡನ್ನು ನಿಧಾನದ ಮರಗಳಿಗೆ ಬಿಡಬೇಕು. ಇಂದು ಬಡ ರಾಷ್ಟ್ರಗಳ ಅರಣ್ಯನೀತಿಯಲ್ಲಿ ಹೊಸ ಮಾತೆಂಬಂತೆ ಕೇಳಿಬರುವ ಈ ತತ್ತ್ವ, ದಕ್ಷಿಣ ಭಾರತದ ಕಡತಗಳಲ್ಲಿ 1850ರ ದಶಕದಿಂದಲೇ ಇದೆ.

ನೀಲಗಿರಿಯಲ್ಲಿ ಈ ತತ್ತ್ವಕ್ಕೆ ಪ್ರಯೋಗಭೂಮಿ ದೊರೆಯಿತು. ಉದಕಮಂಡಲದ ಚಳಿಗೆ ಬಂಗಲೆಗಳ ಅಗ್ಗಿಷ್ಟಿಕೆಗಳು ಹಗಲಿರುಳೂ ಉರಿಯುತ್ತಿದ್ದವು. ಕಣಿವೆಗಳ ಶೋಲಾ ಕಾಡುಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದ್ದವು. ಶೋಲಾದ ಮರಗಳು ಬಹು ನಿಧಾನವಾಗಿ ಬೆಳೆಯುವಂಥವು. 1840ರ ದಶಕದ ವೇಳೆಗೆ ಆಸ್ಟ್ರೇಲಿಯದ ಅಕೇಶಿಯಾಗಳೂ ಯೂಕಲಿಪ್ಟಸ್ ಮರವೂ ಅಲ್ಲಿಗೆ ಬಂದು ಬೇರೂರಿದ್ದವು. ಅವುಗಳ ಬೆಳವಣಿಗೆಯ ವೇಗವನ್ನು ಕಂಡ ಕ್ಲೆಗ್‌ಹಾರ್ನ್ ಸೌದೆಗೆ ಅವನ್ನು ಬೆಳೆಸುವ ಪ್ರಯತ್ನಕ್ಕೆ ಬೆಂಬಲ ನೀಡಿದರು, ಶೋಲಾಗಳಿಗೆ ಕಾವಲು ಹಾಕಿಸಿದರು. ಉದ್ದೇಶ ಸ್ಪಷ್ಟ: ಹೊರಗಿನ ಮರ ಕೊಡಲಿಗೆ ಕೊರಳೊಡ್ಡಿ ಒಳಗಿನ ಕಾಡನ್ನು ಕಾಯಬೇಕು. ಯೂಕಲಿಪ್ಟಸ್ಸನ್ನು ನಾವು ಕನ್ನಡದಲ್ಲಿ ಇಂದಿಗೂ ನೀಲಗಿರಿ ಮರವೆಂದೇ ಕರೆಯುತ್ತೇವೆ. ಪರದೇಶದ ಮರಕ್ಕೆ ನಮ್ಮ ಬೆಟ್ಟದ ಹೆಸರು ಅಂಟಿದೆ; ಆ ಬೆಟ್ಟದ ಹುಲ್ಲುಗಾವಲುಗಳನ್ನು ಅದೇ ಆಸ್ಟ್ರೇಲಿಯದ ವಾಟಲ್ ಮುಂದೆ ಹೇಗೆ ನುಂಗಿತೆಂಬುದು ಇಪ್ಪತ್ತನೆಯ ಶತಮಾನದ ಕಥೆ. ಶೋಲಾಗಳ ನಡುವಿನ ಹುಲ್ಲುಗಾವಲು ಕಾಡಿನಷ್ಟೇ ಬೆಲೆಯುಳ್ಳ ಜೀವಸಮುದಾಯವೆಂಬ ತಿಳುವಳಿಕೆ ಕ್ಲೆಗ್‌ಹಾರ್ನರ ಕಾಲಕ್ಕೆ ಇರಲಿಲ್ಲ. ಮರವಿಲ್ಲದ ನೆಲ ಅವರ ಕಣ್ಣಿಗೆ ಖಾಲಿ ನೆಲ.

ಅರಣ್ಯಾಧಿಕಾರಿಯಾದ ಮೊದಲ ಮೂರು ವರ್ಷಗಳಲ್ಲಿ ಅವರು ಕುಳಿತಲ್ಲಿ ಕುಳಿತವರಲ್ಲ. ಕೆನರಾ, ಮಲಬಾರು, ಆನೆಮಲೆ, ನೀಲಗಿರಿಗಳನ್ನು ಸುತ್ತಿ ವರ್ಷಕ್ಕೊಂದು ವರದಿ ಬರೆದರು. ಅಂದಿನ ಕೆನರಾ ಜಿಲ್ಲೆ ಇಂದಿನ ಉತ್ತರ ಮತ್ತು ದಕ್ಷಿಣ ಕನ್ನಡಗಳೆರಡನ್ನೂ ಒಳಗೊಂಡು ಮದರಾಸಿಗೆ ಸೇರಿತ್ತು. ಉತ್ತರ ಭಾಗ ಮುಂಬಯಿ ಆಧಿಪತ್ಯಕ್ಕೆ ಹೋದದ್ದು 1862ರಲ್ಲಿ. ಕಾಳಿ ನದಿಯ ಕಣಿವೆಯ ಸಾಗುವಾನಿ ಸದಾಶಿವಗಡದ ಕಡಲಿಗೆ ತೇಲಿ ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು. ಮುಂದೆ ಸಸ್ಯವಿಜ್ಞಾನಿಯಾಗಿ ಕೀರ್ತಿಗೊಂಡ ಬೆಡ್ಡೋಮ್ ಅವರ ಸಹಾಯಕರಾಗಿ ಸೇರಿ, ಅವರ ತರುವಾಯ ಅದೇ ಹುದ್ದೆಗೆ ಬಂದರು.

ಕೆನರಾದಲ್ಲಿ ಅವರಿಗೆ ಕುಮರಿ ಮತ್ತೆ ಎದುರಾಯಿತು. ಈ ಬಾರಿ ಅವರ ನೋಟ ಸ್ವಲ್ಪ ಹದಗೊಂಡಿತ್ತೆಂದು ಹೇಳಬಹುದು. ಹೊಟ್ಟೆಪಾಡಿಗಾಗಿ ಕುಮರಿ ಮಾಡುವ ಬೆಟ್ಟದ ಜನ ಬೇರೆ, ಕೂಲಿಯಾಳುಗಳನ್ನಿಟ್ಟು ಲಾಭಕ್ಕಾಗಿ ಬೆಟ್ಟ ಸುಡಿಸುವ ವರ್ಗದಾರರು ಬೇರೆ ಎಂಬ ಭೇದವನ್ನು ಅವರು ಗುರುತಿಸಿದರು. ಆದರೆ 1860ರಲ್ಲಿ ಮದರಾಸು ಸರ್ಕಾರ ಪೂರ್ವಾನುಮತಿಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಕೂಡದೆಂದು ಆಜ್ಞೆ ಮಾಡಿದಾಗ ಆ ಭೇದ ಕಾಗದದಲ್ಲಿಯೇ ಉಳಿಯಿತು. ವರ್ಗದಾರನಿಗೆ ಬಯಲಿನಲ್ಲಿ ಗದ್ದೆಯಿತ್ತು. ಮಲೆಕುಡಿಯರಿಗೆ, ಮರಾಟಿ ನಾಯ್ಕರಿಗೆ, ಘಟ್ಟದ ಕುಣಬಿಗಳಿಗೆ ಬೆಟ್ಟವೊಂದೇ ಗತಿ. ಅದೇ ದಶಕಗಳಲ್ಲಿ ಕಾಫಿಗಾಗಿ ಬಾಬಾಬುಡನ್‌ಗಿರಿ, ಕೊಡಗು, ವಯನಾಡುಗಳಲ್ಲಿ ಕಾಡು ಕಡಿಯುತ್ತಿದ್ದುದನ್ನು ನೆನೆದರೆ ತಕ್ಕಡಿ ಯಾವ ಕಡೆಗೆ ವಾಲಿತ್ತೆಂಬುದು ತಿಳಿಯುತ್ತದೆ. ಕುಮರಿಯ ನೆಲ ಮತ್ತೆ ಕಾಡಾಗುತ್ತಿತ್ತು. ಕಾಫಿಯ ನೆಲ ಆಗುತ್ತಿರಲಿಲ್ಲ.

ಇಲ್ಲಿ ಒಂದು ಹೋಲಿಕೆ ಅನಿವಾರ್ಯ. ಕ್ಲೆಗ್‌ಹಾರ್ನ್ ಮದರಾಸಿನಲ್ಲಿ ಅಧಿಕಾರ ವಹಿಸಿಕೊಂಡ 1856ರಲ್ಲಿಯೇ ಬರ್ಮಾದ ಪೆಗು ಪ್ರಾಂತದ ಕಾಡುಗಳಿಗೆ ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯವಿಜ್ಞಾನಿ ನೇಮಕಗೊಂಡಿದ್ದರು. ಅಲ್ಲಿಯ ಕರೆನ್ ಜನರೂ ಕುಮರಿಯಂಥದೇ ಬೇಸಾಯ ಮಾಡುತ್ತಿದ್ದರು. ಅದಕ್ಕೆ ಬರ್ಮೀ ಭಾಷೆಯ ಹೆಸರು ತೌಂಗ್ಯಾ. ಬ್ರಾಂಡಿಸ್ ಅದನ್ನು ಕೇವಲ ನಿಷೇಧಿಸಹೊರಡಲಿಲ್ಲ. ಸುಟ್ಟ ಬೆಟ್ಟದಲ್ಲಿ ಬತ್ತದ ಜೊತೆಗೆ ಸಾಗುವಾನಿಯ ಸಸಿಗಳನ್ನೂ ಅವರಿಂದಲೇ ನೆಡಿಸಿದರು. ಬೇಸಾಯಗಾರ ಫಸಲು ತೆಗೆದು ಮುಂದಕ್ಕೆ ಹೋದಾಗ ಹಿಂದೆ ತೋಪು ಉಳಿಯುತ್ತಿತ್ತು. ಇದರಲ್ಲಿ ಶೋಷಣೆ ಇರಲಿಲ್ಲವೆಂದಲ್ಲ. ತೋಪು ಬೆಳೆದಷ್ಟೂ ಅವನ ಬೇಸಾಯದ ಬೆಟ್ಟ ಕಿರಿದಾಯಿತು. ಆದರೂ ಕೊಡಲಿ ಹಿಡಿದವನೇ ಸಸಿ ನೆಡಬಲ್ಲನೆಂಬುದನ್ನು ಬ್ರಾಂಡಿಸ್ ಕಂಡರು. ಗಿಡಗಳನ್ನು ಅವರಿಗಿಂತ ಹೆಚ್ಚು ಬಲ್ಲ ಕ್ಲೆಗ್‌ಹಾರ್ನ್ ಶಿವಮೊಗ್ಗದಲ್ಲಾಗಲಿ ಕೆನರಾದಲ್ಲಾಗಲಿ ಅದನ್ನು ಕಾಣಲಿಲ್ಲ. ಅವರ ಜೀವನದ ಮುಖ್ಯ ಕೊರತೆ ಇದೆಂದು ನನ್ನ ಅಭಿಪ್ರಾಯ. ಕಾಲಾಂತರದಲ್ಲಿ ತೌಂಗ್ಯಾ ಪದ್ಧತಿ ದಕ್ಷಿಣ ಭಾರತಕ್ಕೆ ಬಂದಾಗ ಅರಣ್ಯ ಇಲಾಖೆಯವರು ಅದನ್ನು ಕರೆದದ್ದು ಕುಮರಿ ಎಂಬ ಹೆಸರಿನಿಂದಲೇ. ನಿಷೇಧಿಸಿದ ಪದವೇ ಇಲಾಖೆಯ ವಿಧಾನದ ಹೆಸರಾಗಿ ಮರಳಿತು.

1860ರಲ್ಲಿ ರಜೆಯ ಮೇಲೆ ಹೋದ ಕ್ಲೆಗ್‌ಹಾರ್ನ್ ಮರುವರ್ಷ ಲಂಡನ್ನಿನಲ್ಲಿ ದಕ್ಷಿಣ ಭಾರತದ ಕಾಡುಗಳನ್ನೂ ತೋಟಗಳನ್ನೂ ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅದು ಅಖಂಡವಾದ ಕೃತಿಯಲ್ಲ. ವಾರ್ಷಿಕ ವರದಿಗಳು, ಟಿಪ್ಪಣಿಗಳು, ಪತ್ರಗಳು ಒಟ್ಟುಗೂಡಿದ ಕಟ್ಟು. ಓದಲು ಒಣಗು. ಆದರೆ ಕೆನರಾದ ಕಾಡು, ಸಾಗುವಾನಿ, ಕುಮರಿ, ನೀಲಗಿರಿಯ ಆಸ್ಟ್ರೇಲಿಯದ ಮರಗಳು, ರೈಲಿನ ಸ್ಲೀಪರು ಇವುಗಳ ಬಗ್ಗೆ ಆ ಕಾಲದ ಪ್ರತ್ಯಕ್ಷ ಸಾಕ್ಷ್ಯವಾಗಿ ಕರ್ನಾಟಕದ ಸ್ಥಳೀಯ ಚರಿತ್ರೆ ಬರೆಯುವ ಯಾರೂ ಅದನ್ನು ಬಿಡುವಂತಿಲ್ಲ. ಅದೇ ವರ್ಷ, ಪೆನಿಕ್ಯೂಕ್ ಊರಿನ ಕಾಗದ ತಯಾರಕರ ಮನೆತನದ ಮೇಬಲ್ ಕೋವನ್ ಅವರೊಡನೆ ವಿವಾಹವಾಯಿತು.

ಅನಂತರದ ಭಾರತದ ಆರು ವರ್ಷಗಳು ಉತ್ತರಕ್ಕೆ ಸೇರಿದವು. ಪಂಜಾಬು ಮತ್ತು ಪಶ್ಚಿಮ ಹಿಮಾಲಯದ ದೇವದಾರು ಕಾಡುಗಳ ಸಮೀಕ್ಷೆ, 1864ರಲ್ಲಿ ರೂರ್ಕಿಯಲ್ಲಿ ಮುದ್ರಿತವಾದ ಅದರ ವರದಿ, ಅದೇ ವರ್ಷ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರ್ದೇಶಕರಾದಾಗ ಅವರೊಡನೆ ಸಹಕಾರ, ಬ್ರಾಂಡಿಸ್ ರಜೆಯಲ್ಲಿದ್ದಾಗ ಹಂಗಾಮಿಯಾಗಿ ಅದೇ ಹುದ್ದೆ. ಅವರ ದೀರ್ಘ ಸೇವೆಗೆ ಸರ್ಕಾರದ ಕೃತಜ್ಞತೆ 1865ರಲ್ಲಿ ದಾಖಲಾಯಿತು. ಮೊದಲ ಅರಣ್ಯ ಕಾಯಿದೆ ಬಂದದ್ದೂ ಆ ವರ್ಷವೇ. ಹೆಚ್ಚು ಬಿಗಿಯಾದ 1878ರ ಕಾಯಿದೆ ಬರುವಷ್ಟರಲ್ಲಿ ಅವರು ಭಾರತ ಬಿಟ್ಟು ಹತ್ತು ವರ್ಷವಾಗಿತ್ತು. ಉತ್ತರ ಕನ್ನಡದ ಜನ 1930ರಲ್ಲಿ ಜಂಗಲ್ ಸತ್ಯಾಗ್ರಹ ಹೂಡಿದ್ದು ಯಾವ ವ್ಯವಸ್ಥೆಯ ವಿರುದ್ಧವೋ ಅದಕ್ಕೆ ತಳಪಾಯದ ಕೆಲವು ಕಲ್ಲುಗಳನ್ನು ಮಾತ್ರ ಅವರು ಇಟ್ಟಿದ್ದರು.

ಅವರು ಆಶಿಸಿದ ಬೇಗ ಬೆಳೆಯುವ ಉರುವಲು ಮರದ ಕಥೆ ಮುಂದುವರಿದದ್ದು ಅವರು ಹೊರಟ ಮೇಲೆ, ಕಡಲ ತೀರದಲ್ಲಿ. ಆಗ್ನೇಯ ಏಷ್ಯ ಮತ್ತು ಆಸ್ಟ್ರೇಲಿಯ ಮೂಲದ ಕ್ಯಾಸುರಿನಾ ಮರವನ್ನು, ಎಂದರೆ ನಮ್ಮ ಗಾಳಿಮರ ಅಥವಾ ಸರ್ವೆಮರವನ್ನು, 1860ರ ದಶಕದಲ್ಲಿ ಮದರಾಸಿನ ಮರಳುದಂಡೆಯಲ್ಲಿ ರೈಲಿನ ಸೌದೆಗೆಂದು ಬೆಳೆಸತೊಡಗಿದರು. ಕಾರವಾರದ ಕಡಲತೀರಕ್ಕೂ ಅದು ಆ ದಶಕದಲ್ಲೇ ಬಂದಿತು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಗೊಬ್ಬರವಾಗಿಸಿಕೊಳ್ಳುವ ಈ ಮರ ಬರಿ ಮರಳಿನಲ್ಲಿಯೂ ಬೆಳೆಯುತ್ತದೆ, ನಾಲ್ಕೈದು ವರ್ಷಗಳಲ್ಲಿ ಕಡಿಯಲು ಬರುತ್ತದೆ, ಚೆನ್ನಾಗಿ ಉರಿಯುತ್ತದೆ. ಇಲಾಖೆ ತೋರಿಸಿಕೊಟ್ಟ ದಾರಿಯನ್ನು ಚೆಂಗಲ್ಪಟ್ಟಿನ ಕಡೆಯ ರೈತರೇ ಹಿಡಿದರು. ಬಹುಕಾಲ ಈ ನಗರದ ಒಲೆಗಳು ಉರಿದದ್ದು ಅವರ ತೋಪುಗಳಿಂದ. ಕಟ್ಟಡದ ಸಾರುವೆಗೆ, ಕಾಗದದ ತಿರುಳಿಗೆ ಅದು ಇಂದಿಗೂ ಹೋಗುತ್ತಿದೆ. ಯಾರ ಕಾಡನ್ನೂ ಕಿತ್ತುಕೊಳ್ಳದೆ, ಯಾರ ಹೊಲವನ್ನೂ ನುಂಗದೆ, ಬೇರೆ ಬೆಳೆಗೆ ಒಗ್ಗದ ನೆಲದಲ್ಲಿ, ಬೆಳೆದವನ ಕೈಗೇ ಹಣ ಬರುವಂತೆ ನಡೆದ ಈ ಕೃಷಿ ಕ್ಲೆಗ್‌ಹಾರ್ನರ ತತ್ತ್ವದ ಅತ್ಯುತ್ತಮ ನಿದರ್ಶನ.

ಅದೇ ತತ್ತ್ವ ಬೇರೆ ನೆಲದಲ್ಲಿ ಬೇರೆ ಫಲ ಕೊಟ್ಟಿತು. 1980ರ ದಶಕದಲ್ಲಿ ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ಹಬ್ಬಿದಾಗ ನಡೆದ ವಾಗ್ವಾದ ಕನ್ನಡ ಓದುಗರಿಗೆ ನೆನಪಿರಬಹುದು. ಗೋಮಾಳಗಳನ್ನು ಕಾಗದದ ತಿರುಳಿನ ಮರಕ್ಕೆ ಕೊಟ್ಟುದನ್ನು ಪ್ರತಿಭಟಿಸಿ 1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಆ ಮರ ನೆಲದ ನೀರನ್ನೆಲ್ಲ ಹೀರುತ್ತದೆಯೇ ಎಂಬ ಪ್ರಶ್ನೆಗೆ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಅಳತೆಮಾಡಿದ ಉತ್ತರ ದೊರೆಯಿತು. ಶಿವಮೊಗ್ಗದ ಬಳಿಯ ಕಡಿಮೆ ಆಳದ ಮಣ್ಣಿನಲ್ಲಿ ಅದು ಸ್ಥಳೀಯ ಎಲೆಯುದುರುವ ಕಾಡಿಗಿಂತ ಹೆಚ್ಚು ನೀರನ್ನು ಬಳಸಲಿಲ್ಲ. ಹೊಸಕೋಟೆಯ ಆಳದ ಮಣ್ಣಿನಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಎಳೆಯಿತು. ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಯಾವ ಮರ, ಯಾವ ನೆಲ, ಯಾವ ಬಳಕೆ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳುವ ಅಭ್ಯಾಸವನ್ನು ಕ್ಲೆಗ್‌ಹಾರ್ನ್ ತಮ್ಮ ಬೇಲಿಗಿಡಗಳ ಪ್ರಬಂಧದಲ್ಲಿಯೇ ತೋರಿಸಿದ್ದರು. ಯಾರ ನೆಲ ಎಂಬ ನಾಲ್ಕನೆಯ ಪ್ರಶ್ನೆ ಮಾತ್ರ ಅಲ್ಲಿರಲಿಲ್ಲ.

ನಿವೃತ್ತರಾಗಿ ಸ್ಟ್ರಾವಿಥಿಯಲ್ಲಿ ನೆಲೆಸಿದ ಕ್ಲೆಗ್‌ಹಾರ್ನ್ ಸ್ಕಾಟ್ಲೆಂಡಿನ ವೃಕ್ಷಕೃಷಿ ಸಂಘಕ್ಕೆ ಎರಡು ಅವಧಿ ಅಧ್ಯಕ್ಷರಾಗಿದ್ದರು. ಭಾರತದ ಅರಣ್ಯಸೇವೆಗೆ ಹೋಗುವ ತರುಣರ ಆಯ್ಕೆಯಲ್ಲಿ ನೆರವಾದರು. 1884ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ಅರಣ್ಯ ಪ್ರದರ್ಶನಕ್ಕಾಗಿ ದುಡಿದರು. ಅರಣ್ಯಶಾಸ್ತ್ರವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸಬೇಕೆಂಬ ಅವರ ಬಯಕೆ ಎಡಿನ್‌ಬರೋದಲ್ಲಿ ಅವರ ಜೀವಿತಕಾಲದಲ್ಲಿಯೇ ಕೈಗೂಡಿತು. 1895ರ ಮೇ 16ರಂದು ಸ್ಟ್ರಾವಿಥಿಯಲ್ಲಿ ನಿಧನರಾದರು. ಮಕ್ಕಳಿರಲಿಲ್ಲ. ಅಪೋಸೈನೇಸಿ ಕುಟುಂಬದ ಒಂದು ಸಸ್ಯಜಾತಿಗೆ ವೈಟ್ ಇಟ್ಟ ಕ್ಲೆಗ್‌ಹಾರ್ನಿಯಾ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಅವರು ಬರೆಯಿಸಿದ ಮತ್ತು ಸಂಗ್ರಹಿಸಿದ ಚಿತ್ರಗಳು ಎಡಿನ್‌ಬರೋದ ರಾಯಲ್ ಸಸ್ಯೋದ್ಯಾನದಲ್ಲಿವೆ. ಸುಮಾರು ಮೂರು ಸಾವಿರ. ಹೆನ್ರಿ ನೋಲ್ಟಿ ಅವರು ಅವನ್ನು ಅಭ್ಯಸಿಸಿ, ಕ್ಲೆಗ್‌ಹಾರ್ನರ ಜೀವನಚರಿತ್ರೆಯನ್ನೂ ಚಿತ್ರಗಳ ಸಂಪುಟವನ್ನೂ 2016ರಲ್ಲಿ ಪ್ರಕಟಿಸಿದರು. ಮದರಾಸಿನ ಚಿತ್ರಗಳಲ್ಲಿ ಗೋವಿಂದುವಿನ ಹೆಸರು ಕಾಣುತ್ತದೆ. ಶಿವಮೊಗ್ಗದಲ್ಲಿ ದಿನಕ್ಕೊಂದರಂತೆ ಮಲೆನಾಡಿನ ಗಿಡಗಳನ್ನು ಬರೆದ ಆ ಮರಾಠಿ ಚಿತ್ರಕಾರನ ಹೆಸರನ್ನು ಯಾರೂ ಬರೆದಿಟ್ಟಿಲ್ಲ.